ಎಲೆಯೊಳಗಿನ ಲೆಕ್ಕ: ಆಲ್ಬೇನಿಯಾದ ಜಪ್ರಾಕ್, ನಮ್ಮ ಪತ್ರೊಡೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಹಿಂದೆ ಒಂದು ಸದ್ದು ಕೇಳ್ತಾ ಉಂಟಲ್ವಾ? ಅದು ಸೌಂಡ್ ಎಫೆಕ್ಟ್ ಅಲ್ಲ. ಮಂಗಳೂರಿನ ಮಳೆ. ಕಿಟಕಿ ಮುಚ್ಚಿದ್ರೂ ಮೈಕ್‌ನೊಳಗೆ ಬರ್ತದೆ, ಏನು ಮಾಡ್ಲಿಕ್ಕಾಗ್ತದೆ ಮಾರಾಯ್ರೆ. ಇವತ್ತಿನ ಕತೆಗೆ ಆ ಸದ್ದು ಇರುವುದೇ ಒಳ್ಳೇದು.

ಕಳೆದ ಮಳೆಗಾಲದಲ್ಲಿ ಒಂದು ರೀಲ್ ನೋಡ್ದೆ. ಆಲ್ಬೇನಿಯಾದ ಒಬ್ಬರು ಅಜ್ಜಿ. ಮೇಜಿನ ಮೇಲೆ ದ್ರಾಕ್ಷಿ ಬಳ್ಳಿಯ ಎಲೆಗಳ ರಾಶಿ. ಒಂದೊಂದೇ ಎಲೆ ಹಾಸಿ, ಅಕ್ಕಿ, ಈರುಳ್ಳಿ, ಪುದೀನ ಕಲಸಿದ್ದನ್ನು ಒಂದು ಚಮಚ ಇಟ್ಟು, ಎರಡೂ ಬದಿ ಮಡಚಿ, ಬೀಡಿ ಕಟ್ಟಿದ ಹಾಗೆ ಸುತ್ತುತ್ತಾರೆ. ಆಮೇಲೆ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಬಿಚ್ಚಿಕೊಳ್ಳದ ಹಾಗೆ ಮೇಲೊಂದು ತಟ್ಟೆ ಕವುಚಿ ಬೇಯಿಸುತ್ತಾರೆ. ಅದರ ಹೆಸರು ಜಪ್ರಾಕ್.

ಆ ರೀಲನ್ನು ನನ್ನ ಅಜ್ಜಿಗೆ ತೋರಿಸಿದೆ. ಅಜ್ಜಿಗೆ ಈಗ ಮರೆವು ಜಾಸ್ತಿ. ಬೆಳಿಗ್ಗೆ ಚಾ ಕುಡಿದದ್ದು ಹತ್ತು ಗಂಟೆಗೆ ನೆನಪಿರುವುದಿಲ್ಲ. ಆದ್ರೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹೇಳಿದ್ರು: "ಇದು ನಮ್ಮ ಪತ್ರೊಡೆ ಅಲ್ವಾ ಮಗಾ? ಎಲೆ ಮಾತ್ರ ಸಣ್ಣದು."

ನನ್ನ ತಲೆಯಲ್ಲಿ ಎರಡು ಪ್ರಶ್ನೆ ಹುಟ್ಟಿದ್ದು ಆಗಲೇ. ಒಂದು, ಅಜ್ಜಿ ಹೇಳಿದ್ದು ಸರಿಯಾ? ಅಲ್ಲಿಯ ಎಲೆ ಸುರುಳಿಗೂ ಇಲ್ಲಿಯ ಎಲೆ ಸುರುಳಿಗೂ ಎಂತದಾದ್ರೂ ಸಂಬಂಧ ಉಂಟಾ? ಎರಡನೆಯದು ಸ್ವಲ್ಪ ಮುಜುಗರದ್ದು. ಅಜ್ಜಿ ಇಷ್ಟು ವರ್ಷ ಪತ್ರೊಡೆ ಮಾಡಿದ್ದಾರೆ, ನಾನು ಇಷ್ಟು ವರ್ಷ ತಿಂದಿದ್ದೇನೆ. ಮಾಡುವುದು ಹೇಗೆ ಅಂತ ಮನೆಯಲ್ಲಿ ಈಗ ಯಾರಿಗೆ ಗೊತ್ತುಂಟು? ಅಮ್ಮ ಕೆಲಸಕ್ಕೆ ಹೋಗುತ್ತಿದ್ದವರು, ಅವರಿಗೆ ಅರ್ಧಂಬರ್ಧ ಗೊತ್ತು. ನಾನು ಬಿಕಾಂ, ನನಗೆ ಡೆಬಿಟ್ ಕ್ರೆಡಿಟ್ ಮಾತ್ರ ಗೊತ್ತು. ಹಾಗಾದ್ರೆ ಈ ಖಾತೆ ಕ್ಲೋಸ್ ಆಗ್ತಾ ಉಂಟು.

ಮೊದಲ ಪ್ರಶ್ನೆಯಿಂದ ಶುರು ಮಾಡುವ.

ಜಪ್ರಾಕ್ ಅನ್ನುವ ಶಬ್ದ ತುರ್ಕಿಯ 'ಯಪ್ರಾಕ್'ನಿಂದ ಬಂದದ್ದು. ಯಪ್ರಾಕ್ ಅಂದ್ರೆ ಎಲೆ. ಅಷ್ಟೇ. ಆಲ್ಬೇನಿಯಾ 15ನೇ ಶತಮಾನದ ಕೊನೆಯಿಂದ 1912ರವರೆಗೆ ಒಟ್ಟೊಮನ್ ಸಾಮ್ರಾಜ್ಯದೊಳಗೆ ಇತ್ತು. ನಾನ್ನೂರು ವರ್ಷ ಒಂದೇ ಸಾಮ್ರಾಜ್ಯದ ಕೆಳಗಿದ್ದ ಊರುಗಳಲ್ಲಿ ಸೈನಿಕರು, ವ್ಯಾಪಾರಿಗಳು, ಅಡುಗೆಯವರು ಓಡಾಡಿದ್ರು. ಅವರ ಜೊತೆ ಅಡುಗೆಯ ಹೆಸರುಗಳೂ ಓಡಾಡಿದವು. ತುರ್ಕಿಯಲ್ಲಿ ಇದೇ ಕುಟುಂಬದ ತಿಂಡಿಗಳಿಗೆ ಎರಡು ದೊಡ್ಡ ಹೆಸರು. 'ದೋಲ್ಮಾ' ಅಂದ್ರೆ ತುಂಬಿಸಿದ್ದು, 'ಸರ್ಮಾ' ಅಂದ್ರೆ ಸುತ್ತಿದ್ದು. ಗ್ರೀಸ್, ಬಲ್ಗೇರಿಯಾ, ಸೆರ್ಬಿಯಾ, ಅರ್ಮೇನಿಯಾ, ಲೆಬನಾನ್, ಇರಾಕ್, ಎಲ್ಲ ಕಡೆ ಇದರ ಅಕ್ಕತಂಗಿಯರು ಇದ್ದಾರೆ.

ಈ ತಿಂಡಿ ಎಷ್ಟು ದೂರ ಹೋಯ್ತು ಗೊತ್ತಾ? ಸ್ವೀಡನ್‌ವರೆಗೆ. ಸ್ವೀಡನ್‌ನ ರಾಜ 12ನೇ ಚಾರ್ಲ್ಸ್ 1709ರಲ್ಲಿ ಪೊಲ್ಟಾವಾದಲ್ಲಿ ರಷ್ಯನ್ನರ ಕೈಯಲ್ಲಿ ಸೋತು ಒಟ್ಟೊಮನ್ ನೆಲಕ್ಕೆ ಓಡಿ ಬಂದ. ಅಲ್ಲಿ ಐದು ವರ್ಷ ಇದ್ದ. ಅವನ ಜೊತೆಗಿದ್ದವರು ಮತ್ತು ಸಾಲ ವಸೂಲಿಗೆ ಅವನ ಹಿಂದೆಯೇ ಸ್ವೀಡನ್‌ಗೆ ಹೋದವರು ದೋಲ್ಮಾದ ರುಚಿಯನ್ನು ಅಲ್ಲಿಗೆ ಒಯ್ದರು ಅಂತ ಸ್ವೀಡನ್ನಿನವರು ಹೇಳುತ್ತಾರೆ. ಆ ಚಳಿಯಲ್ಲಿ ದ್ರಾಕ್ಷಿ ಬಳ್ಳಿ ಎಲ್ಲಿಂದ ಬರಬೇಕು? ಕ್ಯಾಬೇಜ್ ಎಲೆ ಸುತ್ತಿದ್ರು. ಇವತ್ತಿಗೂ ಅಲ್ಲಿ ಅದರ ಹೆಸರು 'ಕೋಲ್‌ಡೋಲ್ಮಾರ್'. ನಮ್ಮ ದೇಶಕ್ಕೂ ಒಂದು ಕವಲು ಬಂದಿದೆ. ಬಂಗಾಳದ 'ಪಟೋಲೆರ್ ದೊರ್ಮಾ' ಕೇಳಿದ್ದೀರಾ? ತೊಂಡೆಕಾಯಿಯ ದೊಡ್ಡಣ್ಣನಂಥ ಪಟೋಲ್ ಕಾಯಿಯೊಳಗೆ ಮಸಾಲೆ ತುಂಬಿಸಿ ಮಾಡುವುದು. ಕಲ್ಕತ್ತಾದಲ್ಲಿ ನೆಲೆಸಿದ ಆರ್ಮೇನಿಯನ್ ವ್ಯಾಪಾರಿಗಳಿಂದ ಅದು ಬಂತು ಅನ್ನುವುದು ಅಲ್ಲಿ ಪ್ರಚಲಿತ ಮಾತು. ಹೆಸರೇ ಸಾಕ್ಷಿ ಹೇಳ್ತದೆ.

ಹಾಗಾದ್ರೆ ಮಂಗಳೂರಿಗೂ ಹಾಗೇ ಬಂದಿರಬಹುದಾ? ಬಂದರು ಊರು ತಾನೇ? ನಾನು ಒಂದು ವಾರ ಇದೇ ಗುಂಗಿನಲ್ಲಿದ್ದೆ. ಯಾಕೆಂದ್ರೆ ನಮ್ಮ ಊರಿಗೆ ದ್ರಾಕ್ಷಿ ಎಲೆಯ ನಾಡಿನವರು ಬಂದದ್ದಕ್ಕೆ ಗಟ್ಟಿ ದಾಖಲೆಯೇ ಉಂಟು.

ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ. ಈಗಿನ ಟುನೀಷಿಯಾದ ಮಹದಿಯಾದವನು. 1132ರ ಸುಮಾರಿಗೆ ಮಂಗಳೂರಿಗೆ ಬಂದು 1149ರವರೆಗೆ ಇಲ್ಲೇ ಇದ್ದ. ಕರಿಮೆಣಸು, ಶುಂಠಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಇಲ್ಲಿಯ ಆಶು ಎಂಬ ಹೆಂಗಸನ್ನು 1132ರಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿ ಅವಳೊಡನೆ ಸಂಸಾರ ಹೂಡಿದ. ಅವನ ಪತ್ರಗಳು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಹಳೇ ಕಾಗದದ ಕೋಣೆಯಲ್ಲಿ ಸಿಕ್ಕಿದವು. ಅಮಿತಾವ್ ಘೋಷ್ 1992ರಲ್ಲಿ ಅವನ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಆ ಪತ್ರಗಳಲ್ಲಿ ನನಗೆ ಬೇಕಾದ ಒಂದು ಸಣ್ಣ ವಿವರ ಸಿಕ್ಕಿತು. ಏಡನ್‌ನಲ್ಲಿದ್ದ ಅವನ ಪಾಲುದಾರರು ಹಡಗಿನಲ್ಲಿ ಅವನಿಗೆ ಉಡುಗೊರೆ ಕಳಿಸುತ್ತಿದ್ದರು. ಬರೆಯುವ ಕಾಗದ, ಸಕ್ಕರೆ, ಮತ್ತೆ ಒಣದ್ರಾಕ್ಷಿ! ಸಮುದ್ರ ದಾಟಿ ಒಣದ್ರಾಕ್ಷಿ ಬರಬೇಕಿತ್ತು ಅಂದ್ರೆ ಅದು ಇಲ್ಲಿ ಸುಲಭಕ್ಕೆ ಸಿಗುವ ವಸ್ತು ಆಗಿರಲಿಲ್ಲ. ಇವತ್ತಿಗೂ ನಮ್ಮ ರಾಜ್ಯದ ದ್ರಾಕ್ಷಿ ತೋಟ ನೋಡಬೇಕಾದ್ರೆ ವಿಜಯಪುರ, ಬಾಗಲಕೋಟೆ ಕಡೆ ಹೋಗ್ಬೇಕು. ನಮ್ಮ ಕರಾವಳಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳ್ತದೆ. ಅಷ್ಟು ಮಳೆಗೆ ದ್ರಾಕ್ಷಿ ಬಳ್ಳಿ ಕೊಳೆತು ಹೋಗ್ತದೆ.

ಇನ್ನೊಬ್ಬ ಸಾಕ್ಷಿ ಇಬ್ನ್ ಬತೂತಾ. ಮೊರಾಕ್ಕೊದ ಈ ಪ್ರವಾಸಿ 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಓಡಾಡಿದ. ಮಂಗಳೂರಿನಲ್ಲಿ ಪರ್ಷಿಯಾದ, ಯೆಮನ್‌ನ ವ್ಯಾಪಾರಿಗಳು ಇಳಿಯುತ್ತಾರೆ, ಕರಿಮೆಣಸು, ಶುಂಠಿ ಧಾರಾಳ ಅಂತ ಬರೆದ. ಹೊನ್ನಾವರದ ಸುಲ್ತಾನನ ಹತ್ತಿರ ಹನ್ನೊಂದು ತಿಂಗಳು ಇದ್ದಾಗ ಒಂದು ತುಂಡು ರೊಟ್ಟಿ ಕಾಣಲಿಲ್ಲ, ಬರೀ ಅನ್ನವೇ ಅಂತಲೂ ಹೇಳಿಕೊಂಡಿದ್ದಾನೆ. ಪಾಪ, ಅವನ ಕಷ್ಟ ಅವನಿಗೆ. ನಮಗೆ ಅದರಿಂದ ಒಂದು ಮಾತು ಗೊತ್ತಾಗ್ತದೆ. ಹೊರಗಿನಿಂದ ಬಂದವರೇ ಇಲ್ಲಿಯ ಅಕ್ಕಿಗೆ ಒಗ್ಗಿಕೊಳ್ಳಬೇಕಾಯ್ತು.

ಅಂದ್ರೆ ಜನ ಬಂದದ್ದು ನಿಜ. ಆದ್ರೆ ತಿಂಡಿ ಬಂತು ಅನ್ನಲಿಕ್ಕೆ ನನಗೆ ಯಾವ ಆಧಾರವೂ ಕಾಣಲಿಲ್ಲ. ಬದಲಿಗೆ ಬರಲಿಲ್ಲ ಅನ್ನಲಿಕ್ಕೆ ಎರಡು ಕಾರಣ ಕಂಡವು.

ಒಂದು, ಕಟ್ಟುವ ರೀತಿಯೇ ಬೇರೆ. ಜಪ್ರಾಕ್‌ನಲ್ಲಿ ಒಂದು ಎಲೆ, ಒಂದು ಹೂರಣ, ಒಂದು ಸುರುಳಿ. ಅಕ್ಕಿ ಇಡಿಯಾಗಿರ್ತದೆ. ಪತ್ರೊಡೆಯಲ್ಲಿ ಹೂರಣವೇ ಇಲ್ಲ. ಅಕ್ಕಿ ಅರೆದ ಹಿಟ್ಟನ್ನು ಎಲೆಗೆ ಬಳಿದು, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಹೀಗೆ ನಾಲ್ಕೈದು ಎಲೆ ಪೇರಿಸಿ ಸುತ್ತುವುದು. ಕತ್ತರಿಸಿದಾಗ ಮರದ ಕಾಂಡದ ಉಂಗುರಗಳ ಹಾಗೆ ಕಾಣ್ತದೆ.

ಎರಡನೆಯದು ಹೆಸರು. ಪತ್ರ ಅಂದ್ರೆ ಎಲೆ, ವಡೆ ನಿಮಗೆ ಗೊತ್ತೇ ಉಂಟು. ಪತ್ರ-ವಡೆ ಸೇರಿ ಪತ್ರೊಡೆ. ಈ ಹೆಸರಿನ ಸಂಬಂಧಿಕರನ್ನು ಹುಡುಕಿಕೊಂಡು ಹೋದ್ರೆ ನೀವು ತುರ್ಕಿಗೆ ಹೋಗುವುದಿಲ್ಲ, ಹಿಮಾಚಲಕ್ಕೆ ಹೋಗ್ತೀರಿ. ಅಲ್ಲಿ ಇದೇ ಕೆಸುವಿನ ಎಲೆಗೆ ಕಡಲೆಹಿಟ್ಟು ಬಳಿದು ಮಾಡುವ ತಿಂಡಿಗೆ 'ಪತ್ರೋಡೆ', 'ಪತ್ರೋಡು' ಅಂತಲೇ ಹೆಸರು! ಗುಜರಾತಿನಲ್ಲಿ 'ಪಾತ್ರಾ', ಪಾರ್ಸಿಗಳಲ್ಲಿ 'ಪತ್ರೇಲ್', ಮಹಾರಾಷ್ಟ್ರದಲ್ಲಿ 'ಅಳು ವಡಿ'. ಉತ್ತರ ಪ್ರದೇಶ, ಬಿಹಾರದ ಹಳ್ಳಿಗಳ 'ಸಹಿನಾ' ಕೂಲಿಯಾಳುಗಳ ಜೊತೆ ಹಡಗು ಹತ್ತಿ ಟ್ರಿನಿಡಾಡ್‌ಗೆ ಹೋಯ್ತು. ಭಾರತದ ಕೂಲಿಗಳ ಮೊದಲ ಹಡಗು ಅಲ್ಲಿ ಮುಟ್ಟಿದ್ದು 1845ರಲ್ಲಿ. ಇವತ್ತು ಅಲ್ಲಿಯ ಬೀದಿಯಲ್ಲಿ 'ಸಹೀನಾ' ಮಾರ್ತಾರೆ. ನಮ್ಮ ಅಜ್ಜಿಯ ತಿಂಡಿಯ ದೂರದ ತಂಗಿ ಕೆರಿಬಿಯನ್ ಸಮುದ್ರದ ದಂಡೆಯಲ್ಲಿ ಇದ್ದಾಳೆ. ಅಕ್ಕಿ ಇರುವ ಕಡೆ ಅಕ್ಕಿ, ಕಡಲೆ ಇರುವ ಕಡೆ ಕಡಲೆ, ಎಲೆ ಮಾತ್ರ ಅದೇ.

ಹಾಗಾಗಿ ಅಜ್ಜಿಯ ಪ್ರಶ್ನೆಗೆ ನನ್ನ ಉತ್ತರ ಇದು: ಎರಡೂ ನೆಂಟರಲ್ಲ. ಆದ್ರೆ ಒಂದೇ ಯೋಚನೆ ಎರಡು ಕಡೆ ಹುಟ್ಟಿದೆ. ಅಂಗಳದಲ್ಲಿ ಬೇಕಾದಷ್ಟು ಎಲೆ ಉಂಟು, ಡಬ್ಬಿಯಲ್ಲಿ ಅಕ್ಕಿ ಸ್ವಲ್ಪವೇ ಉಂಟು. ಏನು ಮಾಡುವುದು? ಎಲೆಯನ್ನೇ ತಿನ್ನುವ ಹಾಗೆ ಮಾಡು.

ಈಗ ಆ ಎಲೆಯ ಕತೆ.

ಕನ್ನಡದಲ್ಲಿ ಕೆಸು, ಕೆಸವು. ತುಳುವಿನಲ್ಲಿ ತೇವು. ಕೊಂಕಣಿಯಲ್ಲಿ ತೇರ. ಮನುಷ್ಯ ಬೇಸಾಯ ಮಾಡಿದ ತುಂಬಾ ಹಳೆಯ ಗಿಡಗಳಲ್ಲಿ ಇದು ಒಂದು. ಪಾಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ಜಾಗದಲ್ಲಿ ಸಿಕ್ಕಿದ ಕಲ್ಲಿನ ಉಪಕರಣಗಳ ಮೇಲೆ ಸುಮಾರು 10,000 ವರ್ಷ ಹಿಂದಿನ ಕೆಸುವಿನ ಗಡ್ಡೆಯ ಪಿಷ್ಟ ಅಂಟಿಕೊಂಡಿತ್ತು. ಆ ಜಾಗ 2008ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಷ್ಟು ಹಳೇ ಗಿಡ. ನಾವು ನೋಡಿದ್ರೆ ಬಾವಿಕಟ್ಟೆಯ ಹತ್ತಿರ, ಬಚ್ಚಲ ನೀರು ಹರಿಯುವ ಕಡೆ ಸುಮ್ಮನೆ ಬೆಳೆಯುವ ಕಳೆ ಅಂದುಕೊಳ್ತೇವೆ.

ಆದ್ರೆ ಈ ಗಿಡಕ್ಕೆ ಒಂದು ಸಿಟ್ಟು ಉಂಟು. ಎಲೆಯ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳು, ಸೂಜಿ ಕಟ್ಟಿಟ್ಟ ಹಾಗೆ. ಸರಿಯಾಗಿ ಬೇಯಿಸದೆ ತಿಂದ್ರೆ ನಾಲಿಗೆಗೆ, ಗಂಟಲಿಗೆ ಚುಚ್ಚಿ ಕೆರೆತ ಶುರುವಾಗ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳ್ತಾ ಇಲ್ಲ ಮಾರಾಯ್ರೆ. ಅನುಭವ.

ರೀಲ್ ನೋಡಿದ ಮರುವಾರ ಮಾರ್ಕೆಟಿನಿಂದ ಎರಡು ಕಟ್ಟು ಎಲೆ ತಂದೆ. ಫೋನಿನಲ್ಲಿ ಮೂರು ರೆಸಿಪಿ ನೋಡಿ, ಮೂರರ ಸರಾಸರಿ ತೆಗೆದೆ. ಬಿಕಾಂ ಬುದ್ಧಿ. ಒಬ್ಬರು ಹುಳಿ ಇಷ್ಟೇ ಸಾಕು ಅಂದಿದ್ರು, ಇನ್ನೊಬ್ಬರು ಇಪ್ಪತ್ತು ನಿಮಿಷ ಬೇಯಿಸಿ ಅಂದಿದ್ರು. ನೋಡಲಿಕ್ಕೆ ಚಂದ ಬಂತು. ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಒಂದು ತುಂಡು ಬಾಯಿಗಿಟ್ಟೆ. ಎರಡು ನಿಮಿಷದಲ್ಲಿ ಗಂಟಲು ಹಿಡಿದುಕೊಂಡು ಮಜ್ಜಿಗೆ ಹುಡುಕುತ್ತಾ ಓಡಿದೆ. ಅಮ್ಮನಿಗೆ ನಗು, ಸಿಟ್ಟು ಎರಡೂ. ಒಳಗಿನ ಕೋಣೆಯಿಂದ ಅಜ್ಜಿಯ ಧ್ವನಿ ಬಂತು, ತುಳುವಿನಲ್ಲಿ: "ಪುಳಿ ಪಾಡ್ಯನಾ?" ಹುಳಿ ಹಾಕಿದೆಯಾ ಅಂತ.

ಅಜ್ಜಿ ಅಡುಗೆ ಮನೆಗೆ ಬಂದಿರಲಿಲ್ಲ, ನನ್ನನ್ನು ನೋಡಿಯೂ ಇರಲಿಲ್ಲ. ಕೆಮ್ಮು ಕೇಳಿಯೇ ತಪ್ಪು ಎಲ್ಲಿ ಅಂತ ಹೇಳಿಬಿಟ್ಟರು.

ಯೋಚನೆ ಮಾಡಿ ನೋಡಿ. ಈ ಎಲೆಯನ್ನು ತಿನ್ನಬಹುದು ಅಂತ ಮೊದಲು ಕಂಡುಹಿಡಿದವರಿಗೆ ಎಷ್ಟು ಸಲ ಗಂಟಲು ಕೆರೆದಿರಬೇಕು? ಚೆನ್ನಾಗಿ ಹುಳಿ ಬೇಕು, ಚೆನ್ನಾಗಿ ಬೇಯಬೇಕು, ಹಿಂಬದಿಯ ದಪ್ಪ ನಾರು ತೆಗೆಯಬೇಕು. ಇದು ಲ್ಯಾಬ್ ಇಲ್ಲದೆ ಕಲಿತ ವಿಜ್ಞಾನ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಆಕ್ಸಲೇಟ್ ಇರುವ ಎಲೆಗಳ ಬಗ್ಗೆ ಡಾಕ್ಟರ ಹತ್ತಿರ ಕೇಳಿಯೇ ತಿನ್ನಿ.

ಮಳೆಗಾಲದಲ್ಲಿ ಇನ್ನೊಂದು ಕೆಸು ಬರ್ತದೆ, ಮರಕೆಸು. ಹಲಸಿನ ಮರದ, ಮಾವಿನ ಮರದ ಕವಲಿನಲ್ಲಿ, ಪಾಚಿ ಹಿಡಿದ ತೊಗಟೆ ಮೇಲೆ ಚಿಗುರುವ ಗಿಡ. ಜೂನ್‌ನ ಮಳೆ ಬಿದ್ದ ಮೇಲೆ ಎಲೆ ಬಿಡ್ತದೆ, ಮಳೆ ಮುಗಿದ ಮೇಲೆ ಕಾಣುವುದಿಲ್ಲ. ತುರಿಕೆ ಕಮ್ಮಿ, ರುಚಿ ಹೆಚ್ಚು ಅಂತ ಗೊತ್ತಿದ್ದವರು ಅದನ್ನೇ ಹುಡುಕ್ತಾರೆ. ಆದ್ರೆ ಅದಕ್ಕೆ ಹಳೇ ಮರ ಬೇಕು. ಮರ ಇರುವ ಹಿತ್ತಿಲು ಬೇಕು. ನಮ್ಮ ಅಜ್ಜಿ ಎಲೆ ಕೀಳುತ್ತಿದ್ದ ಹಲಸಿನ ಮರ ಇದ್ದ ಜಾಗದಲ್ಲಿ ಈಗ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಉಂಟು.

ಈ ತಿಂಡಿಗೆ ಒಂದು ತಿಂಗಳೂ ಉಂಟು: ಆಟಿ. ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಈಗ 'ಆಟಿಡೊಂಜಿ ದಿನ' ಅಂತ ಸಭಾಭವನದಲ್ಲಿ ಕಾರ್ಯಕ್ರಮ ಮಾಡಿ, ಬಾಳೆ ಎಲೆ ಹಾಕಿ, ಮೂವತ್ತು ಬಗೆಯ ತಿಂಡಿ ಬಡಿಸ್ತಾರೆ. ನಾನೂ ಹೋಗಿ ತಿಂದಿದ್ದೇನೆ. ಆದ್ರೆ ಹಳೇ ಆಟಿ ಹಬ್ಬ ಅಲ್ಲ, ಹಸಿವಿನ ತಿಂಗಳು. ನಾಟಿ ಮುಗಿದಿದೆ, ಗದ್ದೆಯಲ್ಲಿ ಕೂಲಿ ಇಲ್ಲ. ಕಳೆದ ಬೆಳೆಯ ಅಕ್ಕಿ ತಳ ಮುಟ್ಟಿದೆ, ಹೊಸ ಬೆಳೆಗೆ ಇನ್ನೂ ತಿಂಗಳುಗಳು ಬೇಕು. ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆಗ ಹೊಟ್ಟೆ ತುಂಬಿಸಿದ್ದು ಯಾರೂ ಬಿತ್ತದೆ ಬಂದದ್ದು: ತಜಂಕ್ ಸೊಪ್ಪು, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಮತ್ತೆ ಈ ತೇವು.

ಇಲ್ಲಿ ನನ್ನ ಲೆಕ್ಕ ಕೇಳಿ. ಎರಡು ಲೋಟ ಅಕ್ಕಿಯನ್ನು ಅನ್ನ ಮಾಡಿದ್ರೆ ನಮ್ಮ ಮನೆಯ ನಾಲ್ಕು ಜನಕ್ಕೆ ಒಂದು ಹೊತ್ತು ಆದೀತು. ಅದೇ ಅಕ್ಕಿಯನ್ನು ಅರೆದು ಹದಿನೈದು ಎಲೆಗೆ ತೆಳ್ಳಗೆ ಬಳಿದ್ರೆ ರಾತ್ರಿಗೂ ಆಗ್ತದೆ, ಉಳಿದದ್ದು ಮರುದಿನ ಬೆಳಿಗ್ಗೆ ಕಾವಲಿಯಲ್ಲಿ ಕಾಯಿಸಿಕೊಳ್ಳಲಿಕ್ಕೂ ಆಗ್ತದೆ. ಅಕ್ಕಿ ಅದೇ, ಹೊಟ್ಟೆ ತುಂಬಿದ್ದು ಎರಡು ಪಟ್ಟು. ಕಾಲೇಜಿನಲ್ಲಿ ನಾವು ಕಾಸ್ಟ್ ಅಕೌಂಟಿಂಗ್ ಅಂತ ಕಲಿತದ್ದನ್ನು ಈ ಹೆಂಗಸರು ಎಲೆಯ ಮೇಲೆ ಮಾಡಿ ಮುಗಿಸಿದ್ರು. ಇನ್ನೊಂದು ವಿಪರ್ಯಾಸ ನೋಡಿ. ಇದೇ ಕರಾವಳಿಯ ಅಕ್ಕಿ ಆಗ ಹಡಗಿನಲ್ಲಿ ಹೊರಗೆ ಹೋಗುತ್ತಿತ್ತು. 16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಈ ಬಂದರುಗಳಲ್ಲಿ ಅಕ್ಕಿ ತುಂಬಿಸುವುದನ್ನು ಬರೆದಿದ್ದಾನೆ. ಬಂದರಿನಲ್ಲಿ ಮೂಟೆ ಮೂಟೆ ಅಕ್ಕಿ, ಆಟಿಯಲ್ಲಿ ಮನೆಯ ಮಡಕೆ ಖಾಲಿ.

ಈಗ ಹಿಟ್ಟಿನೊಳಗೆ ಏನೇನು ಉಂಟು ನೋಡುವ. ಒಂದು ಪತ್ರೊಡೆ ತುಂಡು ಅಂದ್ರೆ ಒಂದು ಸಣ್ಣ ಜಗತ್ತಿನ ಮ್ಯಾಪ್. ಹುಣಸೆಹುಳಿ ಮೂಲದಲ್ಲಿ ಆಫ್ರಿಕಾದ ಮರ, ಸಾವಿರಾರು ವರ್ಷ ಹಿಂದೆಯೇ ನಮ್ಮದಾಯ್ತು. ಎಷ್ಟು ನಮ್ಮದಾಯ್ತು ಅಂದ್ರೆ ಅರಬರು ಅದನ್ನು 'ತಮರ್ ಹಿಂದಿ', ಹಿಂದೂಸ್ತಾನದ ಖರ್ಜೂರ ಅಂತ ಕರೆದ್ರು. ಕೆಂಪು ಮೆಣಸು ಅಮೆರಿಕ ಖಂಡದ್ದು, 1498ರಲ್ಲಿ ವಾಸ್ಕೊ ಡ ಗಾಮಾ ಬಂದ ಮೇಲೆ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹಾಗಾದ್ರೆ ಅದಕ್ಕಿಂತ ಮೊದಲು ಪತ್ರೊಡೆ ಇದ್ದಿದ್ರೆ ಅದರ ಖಾರ ಕರಿಮೆಣಸಿನದ್ದೇ ಇರಬೇಕು, ಬಣ್ಣವೂ ಹೀಗೆ ಕೆಂಪಗೆ ಇರಲಿಕ್ಕಿಲ್ಲ. ನಮ್ಮ ಜಿಲ್ಲೆಯ ಕನ್ನಡದಲ್ಲಿ ಕರಿಮೆಣಸಿಗೆ ಏನು ಹೇಳ್ತೇವೆ? 'ಒಳ್ಳೆಮೆಣಸು'. ತುಳುವಿನಲ್ಲಿ 'ಎಡ್ಡೆ ಮುಂಚಿ'. ಹೊಸ ಮೆಣಸು ಬಂದು ಐನೂರು ವರ್ಷ ಆದ್ರೂ ಹಳೇದನ್ನೇ ನಾವು ಒಳ್ಳೇದು ಅಂತ ಕರೀತೇವೆ. ಅಡುಗೆ ಮನೆಯ ಭಾಷೆ ಬೇಗ ಮರೆಯುವುದಿಲ್ಲ.

ಪತ್ರೊಡೆ ಯಾರದ್ದು? ಈ ಪ್ರಶ್ನೆ ಕೇಳಿದ್ರೆ ಮಂಗಳೂರಿನಲ್ಲಿ ಜಗಳ ಗ್ಯಾರಂಟಿ. ತುಳುವರು ನಮ್ಮದು ಅಂತಾರೆ. ಕೊಂಕಣಿಯವರು ನಮ್ಮದು ಅಂತಾರೆ. ಹವ್ಯಕರ ಮನೆಗೆ ಹೋಗಿ ಹೇಳಿ ನೋಡಿ, ಬಿಡ್ತಾರಾ? ಕ್ರಿಶ್ಚಿಯನ್ ಮನೆಗಳಲ್ಲಿ ಅವರದ್ದೇ ಒಂದು ರೀತಿ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ, 1560ರಲ್ಲಿ ಇನ್‌ಕ್ವಿಸಿಷನ್ ಶುರುವಾದ ಮೇಲೆ ಗೌಡ ಸಾರಸ್ವತರು ದೊಡ್ಡ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಬಂದರು. ಕೊಂಕಣಿ ಕ್ಯಾಥೋಲಿಕರೂ ಬಂದರು. 1784ರಲ್ಲಿ ಟಿಪ್ಪು ಆ ಕ್ಯಾಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಬದುಕಿ ಉಳಿದವರು 1799ರ ನಂತರ ವಾಪಸ್ ಬಂದು ಮನೆ, ಒಲೆ, ಎಲ್ಲ ಹೊಸದಾಗಿ ಕಟ್ಟಿಕೊಂಡರು. ಊರು ಬಿಟ್ಟು ಓಡುವವರು ಒಲೆ ಹೊತ್ತುಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ, ಮಾಡುವ ರೀತಿಯನ್ನು ಒಯ್ಯಬಹುದು. ಕೆಸು ಗೋವಾದಲ್ಲೂ ಉಂಟು, ಇಲ್ಲೂ ಉಂಟು. ಬಂದವರ ಕೈ, ಇದ್ದವರ ಕೈ, ಯಾರು ಯಾರಿಂದ ಕಲಿತರು ಅಂತ ಬಿಡಿಸಲಿಕ್ಕೆ ಹೋದ್ರೆ ಪತ್ರೊಡೆಯ ಸುರುಳಿ ಬಿಚ್ಚಿದ ಹಾಗೆ, ಎಲೆಗೂ ಹಿಟ್ಟಿಗೂ ನಡುವೆ ಗೆರೆ ಸಿಗುವುದಿಲ್ಲ.

ಹೀಗೆ ಜಗಳ ಆಡುವವರು ನಾವು ಮಾತ್ರ ಅಲ್ಲ. 2017ರಲ್ಲಿ ಯುನೆಸ್ಕೊ ದೋಲ್ಮಾ ಮಾಡುವ ಸಂಪ್ರದಾಯವನ್ನು ಅಜರ್ಬೈಜಾನ್‌ನ ಹೆಸರಿನಲ್ಲಿ ಪಟ್ಟಿಗೆ ಸೇರಿಸಿತು. ಪಕ್ಕದ ಆರ್ಮೇನಿಯಾದವರು ದೋಲ್ಮಾ ನಮ್ಮದು ಅನ್ನುವುದನ್ನು ಬಿಟ್ಟಿಲ್ಲ. ನಮ್ಮ ಪತ್ರೊಡೆಗೆ ಸಿಕ್ಕಿದ ಸರ್ಟಿಫಿಕೇಟ್ ಅಂದ್ರೆ 2021ರಲ್ಲಿ ಆಯುಷ್ ಸಚಿವಾಲಯದ ಸಾಂಪ್ರದಾಯಿಕ ಆಹಾರಗಳ ಪುಸ್ತಿಕೆಯಲ್ಲಿ ಬಂದ ಜಾಗ. ಆಗ ವಾಟ್ಸಾಪ್‌ನಲ್ಲಿ ಎಲ್ಲರೂ ಅದನ್ನು ಫಾರ್ವರ್ಡ್ ಮಾಡಿದ್ರು. ಖುಷಿಯೇ. ಆದ್ರೆ ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನ ಎಲೆಯ ನಾರು ಕೆತ್ತಿದ್ರು?

ಒಂದು ವಿಷಯ ನನ್ನನ್ನು ಕಾಡಿತು. ಕನ್ನಡದಲ್ಲಿ ಅಡುಗೆಯ ಬರವಣಿಗೆ ಹೊಸದಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯ ಭಾಗ ಉಂಟು. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಪದ್ಯದಲ್ಲೇ ಅಡುಗೆ ಪುಸ್ತಕ ಬರೆದ, ಬದನೆಕಾಯಿಗೆ ಒಂದು ಅಧ್ಯಾಯವನ್ನೇ ಕೊಟ್ಟ. ಬರೆದವರು ಗಂಡಸರು, ಬಡಿಸಿದ್ದು ಅರಸರ, ಶ್ರೀಮಂತರ ಪಂಕ್ತಿಗೆ. ಇನ್ನೊಂದು ಕಡೆ ಲೆಕ್ಕದ ಪುಸ್ತಕಗಳು. ಭತ್ತ, ಅಡಿಕೆ, ತೆಂಗು, ಕರಿಮೆಣಸು ಲೆಕ್ಕಕ್ಕೆ ಬಂದವು, ಯಾಕೆಂದ್ರೆ ಅವಕ್ಕೆ ಮಾರುಕಟ್ಟೆ ಇತ್ತು, ತೆರಿಗೆ ಇತ್ತು. ಬಚ್ಚಲ ಹಿಂದಿನ ಕೆಸುವಿನ ಎಲೆಯನ್ನು ಯಾವ ಶಾನುಭೋಗ ಬರೆದಾನು? ಬೆನ್ ಯಿಜುವಿನ ಒಣದ್ರಾಕ್ಷಿ ಒಂಬೈನೂರು ವರ್ಷ ಕಾಗದದಲ್ಲಿ ಉಳಿಯಿತು, ಯಾಕೆಂದ್ರೆ ಅದು ಸರಕು. ಅವನ ಮನೆಯಲ್ಲಿ ಆಶು ಆ ಮಳೆಗಾಲಗಳಲ್ಲಿ ಏನು ಬೇಯಿಸಿದಳು ಅಂತ ಒಂದು ಸಾಲೂ ಇಲ್ಲ.

ನಮ್ಮ ಮನೆಯ ಕತೆಯೂ ಅದೇ. ನಾನು ಅಜ್ಜಿಯ ಪತ್ರೊಡೆಗೆ ಒಂದು ಕಾಸ್ಟ್ ಶೀಟ್ ಮಾಡಿ ನೋಡಿದೆ. ಎಲೆ, ಅಕ್ಕಿ, ತೆಂಗಿನಕಾಯಿ, ಮೆಣಸು, ಗ್ಯಾಸ್, ಎಲ್ಲದಕ್ಕೂ ರೇಟ್ ಬರೆದೆ. 'ಕೂಲಿ' ಅನ್ನುವ ಕಡೆ ಪೆನ್ನು ನಿಂತಿತು. ಮಳೆಯಲ್ಲಿ ಎಲೆ ಕಿತ್ತು, ತೊಳೆದು, ಒರೆಸಿ, ನಾರು ತೆಗೆದು, ಕಡೆಯುವ ಕಲ್ಲಿನಲ್ಲಿ ಹಿಟ್ಟು ಕಡೆದು, ಸುತ್ತಿ, ಬೇಯಿಸುವ ಹೊತ್ತಿಗೆ ಅರ್ಧ ದಿನ ಹೋಗ್ತದೆ. ಅಜ್ಜಿಯ ಆ ಅರ್ಧ ದಿನಕ್ಕೆ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಸೊನ್ನೆ ಬಿಟ್ಟು ಬೇರೆ ಅಂಕಿ ಬರೆದಿಲ್ಲ. ಅಮ್ಮ ಕಲಿಯದೆ ಬಿಟ್ಟದ್ದು ಸೋಮಾರಿತನ ಅಲ್ಲ. ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿಯುವವರಿಗೆ ಆ ಅರ್ಧ ದಿನ ಎಲ್ಲಿಂದ ಬರಬೇಕು? 'ಈಗಿನ ಹೆಂಗಸರಿಗೆ ಬರುವುದಿಲ್ಲ' ಅನ್ನುವ ಗಂಡಸರು ಎಲೆ ಒರೆಸಿ ಕೊಟ್ಟದ್ದು ನಾನಂತೂ ನೋಡಿಲ್ಲ. ನಾನೂ ಇಪ್ಪತ್ತೆಂಟು ವರ್ಷ ಕೊಟ್ಟಿರಲಿಲ್ಲ.

ಹಾಗಾಗಿ ಎರಡನೇ ಸಲ ಸರಾಸರಿ ಬಿಟ್ಟೆ, ಅಜ್ಜಿಯ ಪಕ್ಕ ಸ್ಟೂಲ್ ಹಾಕಿ ಕೂತೆ. ರೆಸಿಪಿ ಹೇಳಿ ಅಂದ್ರೆ ಅವರಿಗೆ ನೆನಪಾಗುವುದಿಲ್ಲ. ಆದ್ರೆ ಎಲೆ ಕೈಗೆ ಕೊಟ್ರೆ ಕೈಗೆ ನೆನಪುಂಟು. ಅವರ ಕೈ ನೋಡಿ ನಾನು ಬರೆದುಕೊಂಡದ್ದು ಹೀಗೆ.

ಎರಡು ಲೋಟ ಬೆಳ್ತಿಗೆ ಅಕ್ಕಿ, ಮೂರು ನಾಲ್ಕು ಗಂಟೆ ನೆನೆಸಬೇಕು. ಹತ್ತು ಒಣಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದುಕೊಳ್ಳಬೇಕು. ಒಂದು ಲೋಟ ತೆಂಗಿನ ತುರಿ, ದೊಡ್ಡ ನಿಂಬೆ ಗಾತ್ರದ ಹುಣಸೆಹುಳಿ, ಅದಕ್ಕೆ ತಕ್ಕ ಬೆಲ್ಲ, ಅರಶಿನ, ಉಪ್ಪು. ಮೊದಲು ಮಸಾಲೆ ನುಣ್ಣಗೆ ಅರೆದು, ಆಮೇಲೆ ಅಕ್ಕಿ ಹಾಕಿ ಸ್ವಲ್ಪ ತರಿ ತರಿ ಇರುವ ಹಾಗೆ ಅರೆಯುವುದು. ಹಿಟ್ಟು ದಪ್ಪ ಇರಬೇಕು, ಎಲೆಯಿಂದ ಜಾರಬಾರದು. ನಾಲಿಗೆಗೆ ಇಟ್ಟು ನೋಡಿದ್ರೆ ಹುಳಿ 'ಸ್ವಲ್ಪ ಜಾಸ್ತಿಯೇ ಆಯ್ತು' ಅನ್ನಿಸಬೇಕು. ಆಗ ಸರಿ ಉಂಟು ಅಂತ.

ಎಲೆಯ ಹಿಂಬದಿ ಮೇಲೆ ಬರುವ ಹಾಗೆ ಹಾಸಿ, ದಪ್ಪ ನಾರನ್ನು ಚೂರಿಯಿಂದ ತೆಗೆದು, ತೆಳ್ಳಗೆ ಹಿಟ್ಟು ಬಳಿಯುವುದು. ಮೇಲೆ ಇನ್ನೊಂದು ಎಲೆ, ಮೊದಲನೆಯದರ ತುದಿ ಅತ್ತ ಇದ್ರೆ ಇದರ ತುದಿ ಇತ್ತ. ಹೀಗೆ ನಾಲ್ಕೈದು. ಎರಡೂ ಬದಿ ಒಳಗೆ ಮಡಚಿ, ಮಡಚಿದ ಕಡೆಗೂ ಹಿಟ್ಟು ಸವರಿ, ಬಿಗಿಯಾಗಿ ಸುತ್ತುವುದು. ನೀರು ಕುದಿದ ಮೇಲೆ ತೊಂದೂರಿನಲ್ಲಿ ಇಟ್ಟು ಮುಕ್ಕಾಲು ಗಂಟೆ. ಇಡ್ಲಿ ಪಾತ್ರೆಯೂ ಆಗ್ತದೆ. ತಣಿದ ಮೇಲೆ ಬಿಲ್ಲೆ ಮಾಡಿ ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಕಾಯಿಸಬಹುದು, ಗಸಿಗೆ ಹಾಕಬಹುದು, ಪುಡಿ ಮಾಡಿ ಕಾಯಿತುರಿ, ಬೆಲ್ಲದ ಜೊತೆ ಒಗ್ಗರಣೆ ಕೊಡಬಹುದು.

ಅಜ್ಜಿ ಸುತ್ತುವಾಗ ನಾನು ಫೋನ್ ರೆಕಾರ್ಡಿಂಗ್‌ಗೆ ಇಟ್ಟಿದ್ದೆ. ಎರಡು ಗಂಟೆ ಹತ್ತು ನಿಮಿಷದ ಆಡಿಯೊ. ಅದರಲ್ಲಿ ಮಾತು ಕಮ್ಮಿ. ಮಳೆ, ಗ್ರೈಂಡರ್, ಪಾತ್ರೆಯ ಸದ್ದೇ ಹೆಚ್ಚು. ನಡುನಡುವೆ ಅಜ್ಜಿ ಅದೇ ಮಾತು ಕೇಳ್ತಾರೆ, "ಪುಳಿ ಪಾಡ್ಯನಾ?" ನಾನು "ಪಾಡ್ಯೆ ಅಜ್ಜಿ" ಅಂತೇನೆ. ಐದು ನಿಮಿಷ ಬಿಟ್ಟು ಮತ್ತೆ ಕೇಳ್ತಾರೆ. ಮೊದಲು ಎಡಿಟ್ ಮಾಡಿ ತೆಗೆಯುವ ಅಂತಿದ್ದೆ. ಆಮೇಲೆ ಎಣಿಸಿದೆ, ಹನ್ನೊಂದು ಸಲ. ಒಂದನ್ನೂ ತೆಗೆದಿಲ್ಲ.

ಈ ಸಲ ಗಂಟಲು ಕೆರೆಯಲಿಲ್ಲ.

ಆಲ್ಬೇನಿಯಾದ ಆ ಅಜ್ಜಿಯ ಪಕ್ಕದಲ್ಲಿ ಯಾರಾದ್ರೂ ಕೂತು ಕಲಿತಾ ಇದ್ದಾರಾ ಗೊತ್ತಿಲ್ಲ. ಕ್ಯಾಮರಾ ಹಿಡಿದವರು ಯಾರೋ ಒಬ್ಬರು ಇದ್ದರಲ್ಲ, ಅವರು ಎಲೆಯನ್ನೂ ಹಿಡಿದಿರಲಿ ಅಂತ ಆಸೆ. ನಿಮ್ಮ ಮನ���ಯಲ್ಲೂ ಇಂಥದ್ದು ಒಂದು ಇರ್ತದೆ. ಪತ್ರೊಡೆಯೇ ಆಗಬೇಕಂತಿಲ್ಲ. ಕೊಟ್ಟೆ ಕಡುಬಿಗೆ ಹಲಸಿನ ಎಲೆ ಚುಚ್ಚುವುದಿರಬಹುದು, ಮೂಡೆ ಕಟ್ಟುವುದಿರಬಹುದು. ಮುಂದಿನ ಭಾನುವಾರ ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಪಕ್ಕಕ್ಕಿಡಿ, ಎರಡೂ ಕೈಯಲ್ಲಿ ಕೆಲಸಕ್ಕೆ ಕೂತುಕೊಳ್ಳಿ. ಕಲಿತದ್ದನ್ನು ನನಗೂ ವಾಯ್ಸ್ ನೋಟ್ ಮಾಡಿ ಕಳಿಸಿ, ಮಳೆಗಾಲ ಮುಗಿಯುವುದರೊಳಗೆ ಎಲ್ಲ ಸೇರಿಸಿ ಒಂದು ಎಪಿಸೋಡ್ ಮಾಡುವ.

ಮತ್ತೆ ಸಿಗುವ. ಹುಳಿ ಹಾಕ್ಲಿಕ್ಕೆ ಮರೀಬೇಡಿ.